‘ಚಂದ್ರನ ಸಣ್ಣ ಕುಳಿಗಳು’: ಅಂಕೋಲೆಯ ಲೇಖಕರಿಗೆ ಶಿರಸಿಯಿಂದ ಉತ್ತರ

ನಮಸ್ಕಾರ.

ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಭಾಷೆಯಲ್ಲಿ ತೊಂದರೆಯಿಲ್ಲ, ನಿಮ್ಮ ಕನ್ನಡ ಚೆನ್ನಾಗಿದೆ. ಹಿಡಿದ ಜಾಡು ತಪ್ಪಿದೆ. ಹಾಗೆಂದು ಕೈಬಿಡಬೇಡಿ. ಈ ವಿಷಯದ ಬಗ್ಗೆ ಕನ್ನಡದಲ್ಲಿ ಬಂದಿರುವುದು ಕಡಿಮೆ, ಬರಬೇಕು ಎಂಬ ಆಸೆ ನಮಗೂ ಇದೆ.

ತಪ್ಪು ಮೊದಲ ಪುಟದಲ್ಲೇ ಶುರುವಾಗಿದೆ. ಮೊದಲ ಮಳೆಯ ದಪ್ಪ ಹನಿಗಳು ಅಂಗಳದ ಮಣ್ಣಿನಲ್ಲಿ ಮಾಡುವ ಗುಳಿಗಳಂತೆ ಚಂದ್ರನ ಸಣ್ಣ ಕುಳಿಗಳೂ ಒಂದೊಂದಾಗಿ ಬಿದ್ದವು ಎಂದಿದ್ದೀರಿ. ಮಳೆಹನಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಬಾಹ್ಯಾಕಾಶದಿಂದ ನೇರವಾಗಿ ಬಂದ ಕಲ್ಲುಗಳಿಗೆ ಆ ಹೋಲಿಕೆ ಒಪ್ಪುತ್ತದೆ. ಆದರೆ ಸಣ್ಣ ಕುಳಿಗಳಲ್ಲಿ ಎಷ್ಟೋ ಹಾಗೆ ಹುಟ್ಟಿದವಲ್ಲ. ಗಜನಿಯ, ಅಂದರೆ ಉಪ್ಪುನೀರಿನ ಗದ್ದೆಯ, ಕೆಸರಿಗೆ ಒಂದು ಚಿರೇಕಲ್ಲು ಎತ್ತಿಹಾಕಿದರೆ ನಡುವೆ ಹೊಂಡ ಬೀಳುತ್ತದೆ, ಸಿಡಿದ ಕೆಸರಿನ ಮುದ್ದೆಗಳು ಬಿದ್ದಲ್ಲೆಲ್ಲ ಸಣ್ಣ ಗುಳಿಗಳಾಗುತ್ತವೆ. ಆ ಗುಳಿಗಳು ಒಂದೇ ತಾಯಿಯವು, ಒಂದೇ ಗಳಿಗೆಯವು. ದೊಡ್ಡ ಹೊಡೆತಕ್ಕೆ ಸಿಡಿದ ಕಲ್ಲುಗಳು ಮರಳಿ ಬಿದ್ದು ಆಗುವ ದ್ವಿತೀಯಕ ಕುಳಿ ಎಂದರೆ ಇದೇ. ನೀವು ಬಳಸಿರುವ ‘ಆನುಷಂಗಿಕ ಅಭಿಘಾತ ಗರ್ತ’ ಓದುಗರನ್ನು ಓಡಿಸುತ್ತದೆ. ತಾಯಿಕುಳಿ, ಮರಿಕುಳಿ ಎನ್ನಿ, ಸಾಕು.

ಮರಿಕುಳಿಯ ಆಕಾರ ಯಾಕೆ ಬೇರೆ ಎಂಬುದಕ್ಕೆ ನೀವು ಒಂದೇ ಸಾಲು ಕೊಟ್ಟಿದ್ದೀರಿ. ಅದನ್ನೇ ಬಿಡಿಸಿ ಹೇಳಬೇಕಿತ್ತು. ಹೊರಗಿನಿಂದ ಬರುವ ಕಲ್ಲು ಚಂದ್ರನಿಗೆ ಹೊಡೆಯುವ ವೇಗ ಸೆಕೆಂಡಿಗೆ ಸುಮಾರು 15ರಿಂದ 20 ಕಿ.ಮೀ. ಎರಚಿಹೋದ ಕಲ್ಲಿನ ವೇಗ 2.38 ಕಿ.ಮೀ. ಮೀರಿದರೆ ಅದು ಚಂದ್ರನನ್ನೇ ಬಿಟ್ಟು ಹೋಗುತ್ತದೆ. ಆದ್ದರಿಂದ ಮರಳಿ ಬೀಳುವುದೆಲ್ಲ ಅದಕ್ಕಿಂತ ನಿಧಾನದ್ದು. ಲೆಕ್ಕವನ್ನು ಲೇಖನದಲ್ಲೇ ಮಾಡಿ ತೋರಿಸಿ: ಸೆಕೆಂಡಿಗೆ 500 ಮೀಟರ್ ವೇಗದಲ್ಲಿ, 45 ಡಿಗ್ರಿ ಓರೆಯಾಗಿ ಹಾರಿದ ಕಲ್ಲು ಏಳು ನಿಮಿಷಕ್ಕೂ ಹೆಚ್ಚು ಹೊತ್ತು ಹಾರಿ ಸುಮಾರು 160 ಕಿ.ಮೀ. ಆಚೆ ಬೀಳುತ್ತದೆ. ಕಾರವಾರದ ಮಾಜಾಳಿಯಲ್ಲಿ ಎದ್ದದ್ದು ಭಟ್ಕಳ ದಾಟಿ ಕುಂದಾಪುರದ ಹತ್ತಿರ ಬಿದ್ದಂತೆ. ಗಾಳಿಯಿಲ್ಲದ್ದರಿಂದ ಎದ್ದ ವೇಗದಲ್ಲೇ ನೆಲಕ್ಕೆ ಬಡಿಯುತ್ತದೆ. 17 ಕಿ.ಮೀ. ವೇಗದ ಕಲ್ಲಿಗೆ ಹೋಲಿಸಿದರೆ, ಕಿಲೋ ಒಂದಕ್ಕೆ ಅದರ ಶಕ್ತಿ ಸಾವಿರದಲ್ಲೊಂದು ಪಾಲಿಗೂ ಕಡಿಮೆ. ಅದಕ್ಕೇ ಕುಳಿ ಆಳವಾಗಿ ದುಂಡಗೆ ಸ್ಫೋಟಿಸುವುದಿಲ್ಲ. ಹೊಸ ತಾಯಿಕುಳಿ ಚಿಕ್ಕದಿದ್ದಾಗ ಅದರ ಆಳ ಅಗಲದ ಐದನೇ ಒಂದರಷ್ಟು, ಮರಿಕುಳಿಯದು ಹೆಚ್ಚುಕಡಿಮೆ ಹತ್ತನೇ ಒಂದು. ಬಾಯಿ ಉದ್ದುದ್ದ, ಅಂಚು ವಕ್ರ.

ಅವು ಗುಂಪಾಗಿ, ಸಾಲಾಗಿ ಬೀಳುತ್ತವೆ ಎಂದು ಬರೆದಿದ್ದೀರಿ, ಸರಿ. ಆದರೆ ಅತ್ಯಂತ ಚೆಂದದ ಗುರುತನ್ನೇ ಬಿಟ್ಟಿದ್ದೀರಿ. ಅಕ್ಕಪಕ್ಕದ ಎರಡು ಮರಿಕುಳಿಗಳು ಒಟ್ಟಿಗೇ ಹುಟ್ಟುವಾಗ ಎರಡರಿಂದಲೂ ಎದ್ದ ಮಣ್ಣು ನಡುವೆ ಡಿಕ್ಕಿಯಾಗಿ ದಿಬ್ಬವಾಗುತ್ತದೆ. ಸಾಲಿನುದ್ದಕ್ಕೂ ಇಂಥ ದಿಬ್ಬಗಳು ಬಂಗುಡೆ ಮೀನಿನ ಮುಳ್ಳಿನಂತೆ ಜೋಡಿಯಾಗಿ ಓರೆಯಾಗಿ ನಿಲ್ಲುತ್ತವೆ. ಜೋಡಿ ಕೂಡುವ ಚೂಪು ತಾಯಿಕುಳಿಯ ಕಡೆ ತೋರಿಸುತ್ತದೆ.

ಸಾಲುಗಳೆಲ್ಲ ಮರಿಕುಳಿ ಎಂದದ್ದು ತಪ್ಪು. ಗುರುಗ್ರಹದ ಉಪಗ್ರಹ ಗ್ಯಾನಿಮೀಡ್‌ನ ಮೇಲೆ 13 ಕುಳಿಗಳ ಎಂಕಿ ಸಾಲಿದೆ. ಒಡೆದ ಧೂಮಕೇತುವಿನ ತುಂಡುಗಳು ಒಂದರ ಹಿಂದೊಂದು ಬಿದ್ದು ಅದಾಗಿರಬೇಕು. ಶೂಮೇಕರ್–ಲೆವಿ 9 ಧೂಮಕೇತು 1994ರ ಜುಲೈಯಲ್ಲಿ ಹಾಗೇ ತುಂಡುತುಂಡಾಗಿ ಗುರುವಿಗೆ ಬಿತ್ತು. ಸಾಲನ್ನು ಹಿಂದಕ್ಕೆ ಗೆರೆ ಎಳೆದು ನೋಡಿ, ತಾಯಿಕುಳಿ ಸಿಗದಿದ್ದರೆ ಅನುಮಾನಿಸಿ. ಅಳತೆಯನ್ನೂ ನೋಡಿ: ಅತಿ ದೊಡ್ಡ ಮರಿಯ ಅಗಲ ಸಾಮಾನ್ಯವಾಗಿ ತಾಯಿಯ ಶೇ. 4–5. ಚಂದ್ರನ ಟೈಕೋ ಕುಳಿಯ ಅಗಲ ಸುಮಾರು 85 ಕಿ.ಮೀ. ಇರುವಾಗ ನೀವು ಬರೆದ 20 ಕಿ.ಮೀ. ಮರಿ ಅದರದ್ದಾಗಲಾರದು.

ಇನ್ನು ವಯಸ್ಸಿನ ಭಾಗ. ಇದನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆಯಬೇಕು. ಕುಳಿ ಹೆಚ್ಚಿದ್ದಷ್ಟೂ ನೆಲ ಹಳೆಯದು ಎಂಬ ಸೂತ್ರ ನಿಂತಿರುವುದೇ ಕುಳಿಗಳು ಒಂದಕ್ಕೊಂದು ಸಂಬಂಧವಿಲ್ಲದೆ, ಕಾಲಕ್ರಮದಲ್ಲಿ ಬಿದ್ದಿವೆ ಎಂಬ ನಂಬಿಕೆಯ ಮೇಲೆ. ಮಂಗಳನ ಜುನಿಲ್ ಕುಳಿಯ ಅಗಲ ಬರೀ 10 ಕಿ.ಮೀ. ಆ ಒಂದು ಹೊಡೆತ 10ರಿಂದ 200 ಮೀಟರ್ ಅಗಲದ ಸುಮಾರು ಒಂದು ಕೋಟಿ ಮರಿಕುಳಿಗಳನ್ನು ಮಾಡಿದೆ ಎಂದು 2005ರಲ್ಲಿ ಅಂದಾಜಿಸಲಾಯಿತು. ಗುರುವಿನ ಇನ್ನೊಂದು ಉಪಗ್ರಹ ಯುರೋಪಾದಲ್ಲಿ 1 ಕಿ.ಮೀ.ಗಿಂತ ಚಿಕ್ಕ ಕುಳಿಗಳ ಪೈಕಿ ಶೇ. 95ರಷ್ಟು ಮರಿಗಳೆಂಬ ಲೆಕ್ಕವೂ ಅದೇ ವರ್ಷ ಬಂತು. ಒಂದೇ ದಿನ ಬಿದ್ದ ಕೋಟಿ ಕುಳಿಗಳನ್ನು ಕೋಟಿ ಘಟನೆಗಳೆಂದು ಎಣಿಸಿದರೆ ನೆಲಕ್ಕೆ ಇಲ್ಲದ ಮುಪ್ಪು ಬರುತ್ತದೆ. ನಿಮ್ಮ ಪಟ್ಟಿಯಲ್ಲಿ 50 ಮೀಟರಿನ ಕುಳಿಗಳೇ ತುಂಬಿವೆ. ಅವನ್ನು ಬಿಡಿ. 1 ಕಿ.ಮೀ. ಮೇಲಿನವನ್ನು ಎಣಿಸಿ, ಸಾಲು ಮತ್ತು ಗುಂಪುಗಳನ್ನು ತೆಗೆಯಿರಿ, ತೆಗೆದದ್ದೆಷ್ಟು ಎಂದೂ ಬರೆಯಿರಿ. ಆಗಲೂ ಪೂರ್ತಿ ಶುದ್ಧವಾಗದು: ತುಂಬ ದೂರ ಹಾರಿದ ಕಲ್ಲು ವೇಗವಾಗಿ, ಒಂಟಿಯಾಗಿ ಬೀಳುವುದರಿಂದ ಅದರ ಕುಳಿ ದುಂಡಗೇ ಕಾಣುತ್ತದೆ.

ಲೇಖನವನ್ನು ಅಪೊಲೊ 17ರಿಂದ ಶುರು ಮಾಡಿ ಎಂಬುದು ನಮ್ಮ ಸಲಹೆ. 1972ರ ಡಿಸೆಂಬರಿನಲ್ಲಿ ಆ ನೌಕೆ ಚಂದ್ರನ ಮೇಲೆ ಇಳಿದ ಕಣಿವೆಯಲ್ಲಿ ಕುಳಿಗಳ ಒಂದು ಗುಂಪಿದೆ, ಪಕ್ಕದ ಬೆಟ್ಟದಿಂದ ಕುಸಿದ ಮಣ್ಣೂ ಇದೆ. ಎರಡಕ್ಕೂ ಕಾರಣ 2,000 ಕಿ.ಮೀ.ಗೂ ದೂರದ ಟೈಕೋದಿಂದ ಹಾರಿಬಂದ ಕಲ್ಲುಗಳು ಎಂಬ ವಾದದಿಂದಲೇ, ಅಲ್ಲಿಂದ ತಂದ ಮಾದರಿಗಳನ್ನು ಅಳೆದು, ಟೈಕೋ ಸುಮಾರು 10–11 ಕೋಟಿ ವರ್ಷ ಹಳೆಯದೆಂಬ ಅಂದಾಜು ಬಂತು. ಮರಿಯಿಂದ ತಾಯಿಯ ವಯಸ್ಸು ಹೇಳಿದ ಈ ಪ್ರಸಂಗವೇ ಓದುಗರನ್ನು ಒಳಗೆ ಎಳೆದುಕೊಳ್ಳುತ್ತದೆ.

ನೀವು ಬರೆದ ಕಡಲತೀರದ ಪ್ರಯೋಗ ಇರಲಿ, ಆದರೆ ಒದ್ದೆ ಹೊಯ್ಗೆಯಲ್ಲಿ ಬೇಡ. ಅದು ಅಂಟಿಕೊಂಡು ಸಿಡಿಯುವುದೇ ಇಲ್ಲ. ಅಗಲದ ಬುಟ್ಟಿಯಲ್ಲಿ ಜರಡಿ ಹಿಡಿದ ಒಣ ಹೊಯ್ಗೆ 10 ಸೆಂ.ಮೀ. ತುಂಬಿ, ಮೇಲೆ ಕೆಂಪು ಚಿರೇಮಣ್ಣಿನ ಪುಡಿಯನ್ನು ತೆಳ್ಳಗೆ ಹರಡಿ, ಒಂದೂವರೆ ಮೀಟರಿನಿಂದ ಗೋಲಿ ಬಿಡಿ. ಗೋಲಿ ಸೆಕೆಂಡಿಗೆ 5 ಮೀಟರಿನ ಆಸುಪಾಸು ವೇಗ ಪಡೆಯುತ್ತದೆ. ಇದರಲ್ಲಿ ಕಾಣುವುದು ಎರಚು ಮತ್ತು ಕಿರಣಗಳಷ್ಟೇ, ಅಂದರೆ ಸಿಡಿದ ಹೊಯ್ಗೆ ಮತ್ತು ಅದು ಸುತ್ತಲೂ ಎಳೆಯುವ ಗೆರೆಗಳು. ‘ಮರಿಕುಳಿ ಕಂಡಿತು’ ಎಂಬ ಸಾಲು ತೆಗೆದುಹಾಕಿ. ಸಿಡಿದ ಕಣಗಳಿಗೆ ಅಷ್ಟು ಬಲವಿಲ್ಲ.

ಚಿತ್ರ ಕಳಿಸುವಾಗ ಸೂರ್ಯ ಕೆಳಗಿರುವಾಗ ತೆಗೆದದ್ದನ್ನು ಆರಿಸಿ. ಬೆಳಕು ಯಾವ ಕಡೆಯದು, ಅಳತೆ ಎಷ್ಟು ಎಂದು ಬರೆಯದಿದ್ದರೆ ಕುಳಿ ಗುಡ್ಡದಂತೆ ಕಾಣುತ್ತದೆ. 900 ಪದಗಳೊಳಗೆ ತಿದ್ದಿ ಕಳಿಸಿ, ಕಾಯುತ್ತೇವೆ.

ಸಂಪಾದಕರು, ವಿಜ್ಞಾನ ಪುಟ