ಜರ್ಮನಿಗೆ ನಾಯಿ: ಲಸಿಕೆ ಪುಸ್ತಕವೊಂದೇ ಸಾಲದು

ಎರಡು ತಿಂಗಳಲ್ಲಿ ಬೆಂಗಳೂರಿನಿಂದ ಜರ್ಮನಿಗೆ ಹೊರಡಲಿರುವ ನೀವು, ಲ್ಯಾಬ್ರಡಾರ್ ನಾಯಿಯ ಲಸಿಕೆ ಪುಸ್ತಕವಷ್ಟೇ ಸಾಕೇ ಎಂದು ಕೇಳಿದ್ದೀರಿ, ಖಂಡಿತ ಸಾಲದು. ಮೊದಲು ನಾಯಿಯ ಚರ್ಮದಡಿ 15 ಅಂಕಿಗಳ ಗುರುತಿನ ಸಂಖ್ಯೆಯುಳ್ಳ ಮೈಕ್ರೋಚಿಪ್ ಹಾಕಿಸಿ, ಆನಂತರವೇ ರೇಬೀಸ್ ಲಸಿಕೆ ಕೊಡಿಸಬೇಕು. ಚಿಪ್‌ಗಿಂತ ಮುಂಚಿನ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಲಸಿಕೆಯಾಗಿ ಕನಿಷ್ಠ 30 ದಿನಗಳ ಮೇಲೆ ತೆಗೆದ ರಕ್ತವನ್ನು ಐರೋಪ್ಯ ಒಕ್ಕೂಟದ ಮಾನ್ಯತೆಯುಳ್ಳ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಪ್ರತಿಕಾಯದ (ರೇಬೀಸ್ ವಿರುದ್ಧ ದೇಹ ತಯಾರಿಸುವ ರಕ್ಷಕ ವಸ್ತು) ಪ್ರಮಾಣ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್‌ಗಿಂತ ಕಡಿಮೆಯಿರಬಾರದು, ಮಾತ್ರವಲ್ಲ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಲೇಬೇಕು. ಆದ್ದರಿಂದ ಚಿಪ್ ಇನ್ನೂ ಹಾಕಿಸಿಲ್ಲವಾದರೆ ನಾಯಿ ನಿಮ್ಮ ಜೊತೆಯಲ್ಲೇ ಬರಲಾರದು. ಅದು ಹೊಂದಿಕೊಂಡಿರುವ ಮನೆಯವರಲ್ಲಿ ಬಿಟ್ಟು, ಅವಧಿ ಮುಗಿದ ಮೇಲೆ ಕರೆಸಿಕೊಳ್ಳುವುದೇ ಸರಿಯೆಂದು ನನ್ನ ಅಭಿಪ್ರಾಯ. ಅದು ಆರಾಮಾಗಿ ಎದ್ದು ನಿಂತು ತಿರುಗಬಲ್ಲಷ್ಟು ದೊಡ್ಡ ಕ್ರೇಟನ್ನು (ವಿಮಾನದಲ್ಲಿ ನಾಯಿಯನ್ನು ಒಯ್ಯುವ ಪೆಟ್ಟಿಗೆ) ಈಗಲೇ ತಂದು, ಬಾಗಿಲು ತೆರೆದಿಟ್ಟು, ಒಳಗೇ ಊಟ ಹಾಕಿ ರೂಢಿ ಮಾಡಿಸಿ.