ಮೆದುಳು ಜ್ವರ ವಾಸಿಯಾದ್ಮೇಲೂ ಮಗು ಕೈಕಾಲು ತಾನಾಗೇ ತಿರುಚ್ಕೊಳ್ಳೋದು ಯಾಕೆ?

ಜ್ವರ ಬಿಟ್ಟಿದ್ರೂ ಮೆದುಳಲ್ಲಿ ಚಲನೆನ ಹತೋಟಿಲಿ ಇಡೋ ಭಾಗಕ್ಕೆ ಪೆಟ್ಟು ಬಿದ್ದಿರತ್ತೆ, ಅದಕ್ಕೇ. ಮೆದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ, ಥಲಾಮಸ್ ಅಂತ ನರಕೋಶಗಳ ಗುಂಪುಗಳಿವೆ, ನಾವು ಕೈ ಎತ್ತುವಾಗ ಬೇಕಾದ ಚಲನೆ ಮಾತ್ರ ಬಿಟ್ಟು ಬೇಡದ್ದನ್ನ ತಡೆಯೋದು ಇವೇ, ನಮ್ಮ ಮಂಡ್ಯದ ವಿಸಿ ನಾಲೆಲಿ ನೀರು ಬಿಡೋ, ತಡೆಯೋ ತೂಬು ಇದ್ದಂಗೆ ಅನ್ಕೊಳಿ. ಅದು ಕೆಟ್ರೆ ಸ್ನಾಯು ಬಿಗಿದು ತಿರುಚ್ಕೊಳತ್ತೆ, ಇದಕ್ಕೇ ಡಿಸ್ಟೋನಿಯಾ ಅನ್ನೋದು. ಕೆಲವು ಮಕ್ಕಳಿಗೆ ಕುಣಿದಂಗೆ ಕೈಕಾಲು ಆಡತ್ತೆ, ಇನ್ನು ಕೆಲವಕ್ಕೆ ವಯಸ್ಸಾದವರ ಪಾರ್ಕಿನ್ಸನ್ ಥರ ನಡುಕ, ನಿಧಾನ.

ಮಂಡ್ಯ ಕಡೆ ಗದ್ದೆ ನೀರಲ್ಲಿ ಹುಟ್ಟೋ ಕ್ಯೂಲೆಕ್ಸ್ ಸೊಳ್ಳೆ ಹರಡೋ ಜಪಾನೀಸ್ ಎನ್ಸೆಫಲೈಟಿಸ್ ಅನ್ನೋ ಮೆದುಳು ಜ್ವರದ ವೈರಸ್‌ಗೆ ಈ ಆಳದ ಜಾಗಗಳೇ ಹೆಚ್ಚಾಗಿ ಗುರಿ. ತಿಂಗಳುಗಟ್ಟಲೆ ಫಿಸಿಯೋಥೆರಪಿ, ಸ್ನಾಯು ಬಿಗಿತ ಸಡಿಲ ಮಾಡೋ ಬ್ಯಾಕ್ಲೋಫೆನ್ ಥರದ ಮಾತ್ರೆ ಕೊಟ್ರೆ ಎಷ್ಟೋ ಮಕ್ಕಳು ಸುಧಾರಿಸ್ತವೆ, ಕೆಲವಕ್ಕೆ ಉಳ್ಕೊಳತ್ತೆ ಅನ್ನೋದೂ ನಿಜ.

ಒಂದು ವಿಷ್ಯ ಮಾತ್ರ ಗಮನ ಇರ್ಲಿ. ಹರ್ಪಿಸ್ ವೈರಸ್‌ನಿಂದ ಬಂದ ಮೆದುಳು ಜ್ವರ ಆಗಿ, ಮಗು ಚೇತರಿಸ್ಕೊಂಡು, ಕೆಲವು ವಾರ ಬಿಟ್ಟು ಹೊಸದಾಗಿ ಕೈಕಾಲು ಬಾಯಿ ಆಡೋಕೆ ಶುರುವಾದ್ರೆ ವೈರಸ್ಸೇ ಮರಳಿದೆ ಅಂತೇನಿಲ್ಲ, ಎಷ್ಟೋ ಸಲ ದೇಹದ ರಕ್ಷಣಾ ವ್ಯವಸ್ಥೆ ಹಾದಿ ತಪ್ಪಿ ಮೆದುಳಿನ ಎನ್‌ಎಂಡಿಎ ರಿಸೆಪ್ಟರ್ (ನರಕೋಶಗಳು ಒಂದಕ್ಕೊಂದು ಕಳಿಸೋ ಸಂದೇಶ ಹಿಡಿಯೋ ಪ್ರೋಟೀನ್) ಮೇಲೇ ದಾಳಿ ಮಾಡೋ ಆಂಟಿಬಾಡಿ ಮಾಡಿರತ್ತೆ. ಇದಕ್ಕೆ ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿ) ಟ್ರೀಟ್‌ಮೆಂಟ್ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೇದು. ಹಾಗಾಗಿ ವೀಕ್‌ನೆಸ್ಸು, ದೃಷ್ಟಿ ಆಗಿದೆ ಅಂತ ತಾಯತ ಕಟ್ಟಿ ಕೂರದೆ ತಕ್ಷಣ ಮಕ್ಕಳ ನರರೋಗ ಡಾಕ್ಟರಿಗೆ ತೋರಿಸಿ, ಆಡೋದನ್ನ ಮೊಬೈಲಲ್ಲಿ ವಿಡಿಯೋ ಮಾಡ್ಕೊಂಡು ಹೋಗಿ, ಅವರಿಗೆ ಅದು ತುಂಬಾ ಉಪಯೋಗ ಆಗತ್ತೆ.