ಅಡಿಕೆ ಕುಲುಕಿ ನೋಡುವ ಬುದ್ಧಿ ರೇಟಿನ ಹತ್ತಿರ ಯಾಕೆ ಸೋತಿತು?

ಪೂರ್ತಿ ಯೋಚಿಸದೆ ಮನಸ್ಸು ಹಿಡಿಯುವ ಒಳದಾರಿಗಳು ನಮ್ಮ ತೀರ್ಮಾನಗಳನ್ನು ಕೆಡಿಸುತ್ತವಾ ಅಂತ ಕೇಳಿದ್ದೀರಿ. ನಾನು ಕಾಸರಗೋಡಿನ ಬದಿಯಡ್ಕ ಕಡೆಯ ಅಡಿಕೆ ಕೃಷಿಕ. ಕೆಡಿಸಿದ್ದನ್ನೂ ಕಂಡಿದ್ದೇನೆ, ಕಾಪಾಡಿದ್ದನ್ನೂ ಕಂಡಿದ್ದೇನೆ.

ಅಡಿಕೆ ಒಣಗಲು ಸುಮಾರು 40 ದಿನ ಬಿಸಿಲು ಬೇಕು. ಅಪ್ಪ ದಿನ ಎಣಿಸುವುದಿಲ್ಲ. ಅಂಗಳದಿಂದ ನಾಲ್ಕೈದು ಅಡಿಕೆ ಹೆಕ್ಕಿ ಕಿವಿಯ ಹತ್ತಿರ ಕುಲುಕುತ್ತಾರೆ. ಸಿಪ್ಪೆಯೊಳಗೆ ಗಡಗಡ ಅಂದರೆ ಸುಲಿಯಬಹುದು. ಇಲ್ಲದಿದ್ದರೆ ಇನ್ನೆರಡು ಬಿಸಿಲು. ಇದೂ ಒಳದಾರಿಯೇ ಅಲ್ವಾ? ಆದರೆ ಅಂದಾಜು ತಪ್ಪಿದರೆ ಸುಲಿಯುವಾಗಲೇ ಗೊತ್ತಾಗುತ್ತದೆ. ಐವತ್ತು ವರ್ಷ ಹಾಗೆ ತಿದ್ದಿಕೊಂಡ ಕಿವಿ ಅದು. ನನಗೆ ಅದರ ಮೇಲೆ ಪೂರ್ತಿ ನಂಬಿಕೆ.

ರೇಟಿನ ಕಥೆ ಬೇರೆ. ಒಂದು ವರ್ಷ ಚಾಲಿ, ಅಂದರೆ ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆ, ಕಿಲೋಗೆ 500 ರೂಪಾಯಿ ದಾಟಿತ್ತು. ನಾನು ಆಗಲೇ ಮಾರಿ ಆಗಿತ್ತು. ಆದರೆ ಆ 500 ತಲೆಯಲ್ಲಿ ಕೂತುಬಿಟ್ಟಿತು. ಮುಂದಿನ ಫಸಲಿಗೆ ಅಂಗಡಿಯವರು ಒಳ್ಳೆ ರೇಟನ್ನೇ ಹೇಳಿದರೂ ನನಗೆ ಅದು ನಷ್ಟದ ಹಾಗೆ ಕಂಡಿತು. ಗೋಣಿಗಳನ್ನು ಅಟ್ಟದಲ್ಲೇ ಇಟ್ಟೆ. ಮಳೆಗಾಲ ಮುಗಿಯುವಾಗ ಮೂರು ಗೋಣಿಗೆ ಕುಟ್ಟೆ ಹುಳ ಹಿಡಿದಿತ್ತು. ಮಗಳ ಫೀಸು ಕಟ್ಟಬೇಕಿತ್ತು. ಮೊದಲು ಹೇಳಿದ್ದಕ್ಕಿಂತ ಕಡಿಮೆಗೆ ಕೊಟ್ಟು ಬಂದೆ.

ಟ್ವೆರ್ಸ್ಕಿ ಮತ್ತು ಕಾನ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಬರೆದ ಪ್ರಯೋಗ ಆಮೇಲೆ ಓದಿದೆ. ಸಂಖ್ಯೆಗಳಿರುವ ಒಂದು ಚಕ್ರ ತಿರುಗಿಸುತ್ತಾರೆ. ಅದು 10 ಅಥವಾ 65ಕ್ಕೇ ನಿಲ್ಲುತ್ತದೆ. ಆಮೇಲೆ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ನೂರಕ್ಕೆ ಎಷ್ಟು ಅಂತ ಕೇಳುತ್ತಾರೆ. 10 ಕಂಡವರ ಅಂದಾಜು 25ರ ಸುತ್ತ, 65 ಕಂಡವರದ್ದು 45ರ ಸುತ್ತ. ಚಕ್ರಕ್ಕೂ ಆಫ್ರಿಕಾಕ್ಕೂ ಏನು ಸಂಬಂಧ? ಸುಮ್ನೆ ಕಣ್ಣಿಗೆ ಬಿದ್ದ ಸಂಖ್ಯೆ ಅಷ್ಟು ಎಳೆಯುತ್ತದೆ ಅಂದರೆ, ವರ್ಷವಿಡೀ ಕನವರಿಸಿದ 500 ನನ್ನನ್ನು ಬಿಡುತ್ತದಾ!

ಗೋಣಿಯೊಳಗಿನ ಅಡಿಕೆಯನ್ನು ಕುಲುಕಿದರೆ ನಾಳೆಯ ರೇಟು ಕೇಳಿಸುವುದಿಲ್ಲ. ತಪ್ಪು ಗೊತ್ತಾಗುವಾಗ ಆರು ತಿಂಗಳು ಕಳೆದಿರುತ್ತದೆ, ಕಾರಣಗಳೂ ಹತ್ತಾರು ಇರುತ್ತವೆ. ಅಂಥ ಕಡೆ ಮನಸ್ಸು ಪಕ್ಕನೆ ಹೇಳಿದ್ದನ್ನು ನಾನೀಗ ನಂಬುವುದಿಲ್ಲ.

ಈಗ ಮಾರುವ ಮೊದಲು ಹೆಂಡತಿ ಒಂದೇ ಪ್ರಶ್ನೆ ಕೇಳುತ್ತಾಳೆ: "ಆ 500 ನೀವು ಕೇಳಿಯೇ ಇರದಿದ್ದರೆ ಇವತ್ತಿನ ರೇಟಿಗೆ ಕೊಡ್ತಿದ್ರಾ?" ಈ ಸಲ ಹೌದು ಅಂದೆ. ಅರ್ಧ ಗೋಣಿಗಳು ಅದೇ ದಿನ ಅಟ್ಟದಿಂದ ಇಳಿದವು.